ಮಗ್ಗದ ಕುಣಿಯಲ್ಲಿ ರೋಮಿನ ದೊರೆ

ಕಳೆದ ಬೇಸಿಗೆಯ ರಜೆಯಲ್ಲಿ ಮೊಮ್ಮಗಳು ಟೀವಿಯಲ್ಲಿ ಒಂದು ಧಾರಾವಾಹಿ ಹಚ್ಚಿದ್ದಳು. ರೋಮಿನ ಚಕ್ರವರ್ತಿಯೊಬ್ಬ ಹೇಗೆ ಮೇಲೇರಿದ, ಹೇಗೆ ಕೆಳಗೆ ಬಿದ್ದ ಎಂಬುದು ಅದರ ಕಥೆ. ಅವರ ಮಾತು ನನಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಕೆಳಗೆ ಓಡುವ ಅಕ್ಷರಗಳನ್ನು ಕಣ್ಣು ಹಿಡಿಯುವಷ್ಟರಲ್ಲಿ ಅವು ಹೋಗಿಬಿಡುತ್ತಿದ್ದವು. ಆದರೂ ಊಟಕ್ಕೆ ಕರೆದರೆ ಏಳದೆ ನೋಡಿದೆ. ಎಂಥ ಅರಮನೆ, ಎಂಥ ಕಂಬಗಳು, ಎಷ್ಟೊಂದು ಕುದುರೆ. ಆ ಚಕ್ರವರ್ತಿ ಸಿಂಹಾಸನದ ಮೇಲೆ ಕೂತು ಮಾತು ಶುರು ಮಾಡಿದಾಗ ಮಾತ್ರ ನಾನು ಅವನ ಮುಖ ಬಿಟ್ಟು ಕಾಲು ನೋಡುತ್ತಿದ್ದೆ. ಮೊಮ್ಮಗಳು ಇಂಥದ್ದನ್ನೆಲ್ಲ ಬೇಗ ಹಿಡಿಯುತ್ತಾಳೆ.

“ಅಜ್ಜಿ, ಅಂವನ ಕಾಲಾಗ ಏನ್ ಹುಡುಕಾಕತ್ತಿ?”

“ಕಾಲು ಆಡವಲ್ವು ನೋಡು. ಕಾಲ ಆಡಿಸಲಾರದ ರೋಮಿನ ದೊರಿ ಮಾತಾಡೂದು ನಾ ಇದ ಮೊದಲ ನೋಡಾಕತ್ತೀನಿ.”

ಅಜ್ಜಿಗೆ ಅರಳು ಮರಳು ಎಂದುಕೊಂಡು ಆಕೆ ನಕ್ಕಳು. ನಗಲಿ. ಮೂವತ್ತು ವರ್ಷ ಸರಕಾರಿ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿದವಳು ನಾನು, ನಗುವವರನ್ನು ಬಹಳ ಕಂಡಿದ್ದೇನೆ. ಆದರೆ ನಾನು ಆ ಶಾಲೆಯ ಬಾಗಿಲು ದಾಟಿದ್ದು, ಅಕ್ಷರ ನನ್ನ ಕೈ ಬಿಡದೆ ಉಳಿದದ್ದು ಒಬ್ಬ ರೋಮಿನ ಚಕ್ರವರ್ತಿಯಿಂದ. ಅವನು ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಸೊಂಟದ ಮಟ ನೆಲದೊಳಗೆ ಇಳಿದು ಕೂತು ರಾಜ್ಯ ಆಳಿದ. ಅವನು ನನ್ನ ಅಪ್ಪ.

ನಮ್ಮ ಮನೆ ಅಂದರೆ ಮೊದಲು ಸಪ್ಪಳ, ಆಮೇಲೆ ಗೋಡೆ. ಬಾಗಿಲು ದಾಟಿದ ಕೂಡಲೇ ಪಡಸಾಲೆ, ಪಡಸಾಲೆಯ ಎಡಕ್ಕೊಂದು ಬಲಕ್ಕೊಂದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಕಾರ ಕೂಡುತ್ತಿದ್ದ. ಕಾಲಿನ ಕೆಳಗೆ ಎರಡು ತುಳಿಮಣೆ, ಕೈಯಲ್ಲಿ ನೂಲು ಎಳೆಯುವ ಲಾಳಿ. ಎಡದ ಮಗ್ಗ ಅಪ್ಪನದು, ಬಲದ್ದು ಅವನ ತಮ್ಮನದು, ನನ್ನ ಕಾಕಾನದು. ಲಾಳಿ ಓಡಿದರೆ ಖಟ್, ಎಳೆಯನ್ನು ಒತ್ತುವ ಹಣಿಗೆ ಬಡಿದರೆ ಧಪ್. ಖಟ್ ಧಪ್, ಖಟ್ ಧಪ್. ಅಪ್ಪನದು ನಿಧಾನ, ಭಾರ. ಕಾಕಾನದು ಲಗುಬಗೆ, ನಡುನಡುವೆ ತಪ್ಪುವ ಸಪ್ಪಳ. ಎರಡರ ನಡುವೆ ನಡುಗಂಬಕ್ಕೆ ಬೆನ್ನು ಕೊಟ್ಟು ಆಯಿ ಕೂಡುತ್ತಿದ್ದಳು. ಆಯಿ ಅಂದರೆ ಅಪ್ಪನ ಅವ್ವ. ಆ ಕಂಬವೇ ಅವಳ ಗಾದಿ. ಯಾರು ಎಷ್ಟೊತ್ತಿಗೆ ಉಣ್ಣಬೇಕು, ಯಾರ ಮದುವೆ ಯಾವ ಊರಿಗೆ, ರೊಟ್ಟಿಯ ಜೊತೆ ಇವತ್ತು ಝುಣಕವೋ ಬರೇ ಶೇಂಗಾ ಹಿಂಡಿಯೋ, ಎಲ್ಲ ಅಲ್ಲಿಂದಲೇ ಹೊರಡುತ್ತಿತ್ತು. ಕಣ್ಣು ಮುಚ್ಚಿ ಕೂತಿದ್ದರೂ ಯಾವ ಮಗ್ಗದಲ್ಲಿ ಎಳೆ ಹರಿಯಿತು ಎಂದು ಸಪ್ಪಳದ ಮೇಲೆಯೇ ಹೇಳುತ್ತಿದ್ದಳು. ಹೇಳಿದ್ದು ಒಮ್ಮೆಯೂ ಸುಳ್ಳಾಗಿದ್ದು ನನಗೆ ನೆನಪಿಲ್ಲ.

ಮನೆಗೆ ಆಯಿ ಹಾಕಿದ ಕಟ್ಟಳೆಗಳಲ್ಲಿ ದೊಡ್ಡದು ಒಂದಿತ್ತು. ಲಾಳಿಯನ್ನು ಬರಿದು ಮಾಡಿ ಯಾರೂ ಮಗ್ಗ ಬಿಟ್ಟು ಏಳಕೂಡದು. ಲಾಳಿಯೊಳಗೆ ನೂಲು ಸುತ್ತಿದ ಸಣ್ಣ ಕೊಳವೆ ಇರುತ್ತದೆ, ಕಂಡಿಕಿ ಅನ್ನುತ್ತಾರೆ. ಊಟಕ್ಕೆ ಏಳಲಿ, ಸಾವಿನ ಸುದ್ದಿ ಬಂದು ಏಳಲಿ, ಮುಗಿದ ಕಂಡಿಕಿ ತೆಗೆದು ಹೊಸದನ್ನು ಹಾಕಿ, ಮಗ್ಗಕ್ಕೆ ಕೈ ಮುಗಿದು ಏಳಬೇಕು. ಒಮ್ಮೆ ಕಾಕಾ ಜಗಳದ ಸಿಟ್ಟಿನಲ್ಲಿ ಬರಿದಾದ ಲಾಳಿ ಬಿಸಾಕಿ ಎದ್ದುಹೋದ. ಆಯಿ ಎರಡು ದಿನ ಅವನ ಗಂಗಾಳಕ್ಕೆ ರೊಟ್ಟಿ ಬಡಿಸಗೊಡಲಿಲ್ಲ. ಮದುವೆಯಾಗಿ ಎರಡು ಮಕ್ಕಳ ಅಪ್ಪನಾದವನು ಮೂರನೆಯ ದಿನ ಬಂದು ಅವಳ ಕಾಲು ಹಿಡಿದ. ಅಪ್ಪನಂತೂ ಆಯಿಯ ಮುಂದೆ ಬಾಯಿ ತೆರೆದದ್ದೇ ಕಡಿಮೆ. ಆರಡಿ ಆಳು, ಹಲಗೆಯಂಥ ಎದೆ, ಆದರೆ ಮನೆಯಲ್ಲಿ ಅವನ ಮಾತು ‘ಹೂಂ ಯವ್ವಾ’, ‘ಆತು ಯವ್ವಾ’ ಇವೆರಡೇ. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ, ನನಗಷ್ಟೇ ಕೇಳುವ ಹಾಗೆ, “ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ” ಅನ್ನುತ್ತಿದ್ದಳು. ಸೊಸೆಯ ಕಾಲ ಬರುವ ಲಕ್ಷಣ ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ.

ಆಯಿಯ ತವರು ಶಿರಹಟ್ಟಿ. ಆಗ ಅದು ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಅವಳು ಸಣ್ಣಾಕಿದ್ದಾಗ ರಾಜರ ಸವಾರಿ ಬಂದದ್ದನ್ನು ತನ್ನ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದಳಂತೆ. ಕಿರಮಂಜಿ, ಅಂದರೆ ಕಡುಗೆಂಪು ಬಣ್ಣದ ಶಾಲು, ಹಿಂದೆ ಛತ್ರಿ, ಧೂಳೆಲ್ಲ ಬಂಗಾರದ ಹಾಗೆ ಹೊಳೆಯುತ್ತಿತ್ತಂತೆ. ಅದನ್ನು ಹೇಳುವಾಗ ಅವಳ ದನಿ ಇಳಿದು ಮೆತ್ತಗಾಗುತ್ತಿತ್ತು. ಸ್ವಾತಂತ್ರ್ಯ ಬಂದು ಸಂಸ್ಥಾನಗಳೆಲ್ಲ ಕರಗಿದವು, ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ಇನ್ನು ರಾಜರಿಲ್ಲ ಎಂದು ಯಾರು ಎಷ್ಟು ಸಲ ಹೇಳಿದರೂ ಆಯಿ ಒಪ್ಪಿರಲಿಲ್ಲ.

“ರಾಜ ಅಂದ್ರ ಏನಂತ ತಿಳದೀರಿ? ಕುರ್ಚಿ ಮ್ಯಾಲ ಕುಂತ ಕಾರಕೂನನಾ, ಏಳು ಅಂದ್ರ ಏಳಾಕ? ದೇವರು ಕುಂದ್ರಸಿದಾಂವನ್ನ ಯಾರ ಎಬ್ಬಸ್ತಾರ?”

ಆಯಿ ನಡುಗಂಬಕ್ಕೆ ಒರಗಿ ಹಾಗೆಂದಾಗ ನನಗೆ ಖರೆ ಅನಿಸುತ್ತಿತ್ತು. ಅವಳನ್ನು ಅಲ್ಲಿಂದ ಎಬ್ಬಿಸುವವರು ಯಾರಿದ್ದರು.

ನಾಲ್ಕನೆಯ ಇಯತ್ತೆ ಮುಗಿಸಿ ಐದಕ್ಕೆ ಹೋಗುತ್ತಿದ್ದ ವರ್ಷ ಅಪ್ಪನ ತಂಗಿಗೆ ಲಕ್ಷ್ಮೇಶ್ವರದಲ್ಲಿ ಮದುವೆಯಾಯಿತು. ಮನೆಯಲ್ಲಿ ರಾಟಿಯ ಮುಂದೆ ಕೂತು ಎರಡೂ ಮಗ್ಗಕ್ಕೆ ಕಂಡಿಕಿ ಸುತ್ತುತ್ತಿದ್ದವಳು ಅವಳೇ. ಅವಳನ್ನು ಕಳಿಸಿ ಬಂದ ಮರುದಿನವೇ ಆಯಿ ಕಂಬಕ್ಕೆ ಒರಗಿ ತೀರ್ಪು ಹೇಳಿದಳು.

“ಪಾರವ್ವ ಇನ್ನ ಸಾಲಿಗೆ ಹೋಗೂದ ಬ್ಯಾಡ. ರಾಟಿ ಖಾಲಿ ಬಿದ್ದೈತಿ. ಹೆಣ್ಣುಡುಗಿ ಓದಿ ಯಾವ ಕಚೇರಿ ಆಳಬೇಕಾಗೇತಿ?”

ಅವ್ವ ಒಲೆಯ ಕಡೆ ತಿರುಗಿದಳು. ಅಪ್ಪ ಲಾಳಿ ಕೈಯಲ್ಲಿ ಹಿಡಿದುಕೊಂಡೇ, “ಆತು ಯವ್ವಾ” ಅಂದ. ನಾನು ಹಿತ್ತಲಿಗೆ ಹೋಗಿ ಹೊಟ್ಟೆ ತುಂಬ ಅತ್ತೆ. ಓದುವುದು ನನಗೆ ಹುಚ್ಚು. ಬೆಲ್ಲ ಕಟ್ಟಿ ತಂದ ಹಾಳೆಯನ್ನೂ ನೆಕ್ಕಿ, ಆಮೇಲೆ ಬಿಡಿಸಿ ಓದುವ ಹುಡುಗಿ ನಾನು.

ಅದೇ ವಾರ ಕನ್ನಡ ಶಾಲೆಯ ಮಾಸ್ತರರು ನಮ್ಮ ಮನೆಗೆ ಬಂದರು. ಕನ್ನಡ ಮಾತಾಡುವ ನಾಡೆಲ್ಲ ಒಂದಾಗುವ ದಿನ ಹತ್ತಿರ ಬಂದಿತ್ತು. ಮುಂಬೈ ಸರಕಾರದವರು, ನಿಜಾಮನ ಕಡೆಯವರು, ಸಂಸ್ಥಾನದವರು, ಎಲ್ಲ ಇನ್ನು ಒಂದೇ ಮನೆಯವರು ಎಂದು ಓಣಿ ಓಣಿಯಲ್ಲೂ ಮಾತು. ಆ ದಿನ ನಮ್ಮ ಓಣಿಯ ಬಯಲಿನಲ್ಲಿ ಒಂದು ನಾಟಕ ಆಗಬೇಕೆಂದು ಮಾಸ್ತರರು ಹಟ ತೊಟ್ಟಿದ್ದರು. ಪುರಾಣದ ಆಟ ಬೇಡ, ರೋಮಿನ ಚಕ್ರವರ್ತಿಯ ಆಟ ನಾನೇ ಬರೆಯುತ್ತೇನೆ, ರಾಜರ ಕಾಲ ಹೇಗೆ ಮುಗಿಯುತ್ತದೆ ಎಂದು ಜನ ನೋಡಲಿ ಎಂಬುದು ಅವರ ವಿಚಾರ. ಚಕ್ರವರ್ತಿಗೆ ಆಳು ಬೇಕಿತ್ತು. ಅವರ ಕಣ್ಣು ಅಪ್ಪನ ಮೇಲೆ ಬಿತ್ತು. ಅಪ್ಪ ಕುಣಿಯೊಳಗಿಂದಲೇ ತಲೆ ಎತ್ತಿ ಅವರನ್ನು ನೋಡಿದ.

“ನನಗ ಅಕ್ಷರ ಬರೂದಿಲ್ರಿ ಮಾಸ್ತರ. ಮಾತು ಬಾಯಿಪಾಠ ಹೆಂಗ ಮಾಡ್ಲಿ?”

“ಪಾರವ್ವ ಓದ್ತಾಳ, ನೀ ಕೇಳು. ದಿನಾ ಒಂದು ಹಾಳಿ ಬರಿತೀನಿ. ದಿನಾ ಸಾಲಿಗೆ ಬಂದು ಆಕಿ ತಗೊಂಡು ಹೋಗ್ಲಿ,” ಎಂದ ಮಾಸ್ತರರು ಆಯಿಯ ಕಡೆ ತಿರುಗಿ ಕೈ ಮುಗಿದರು. “ಏನ್ ಅಂತೀರಿ ಅಮ್ಮಾರ? ರಾಜನ ಪಾರ್ಟು. ನಿಮ್ಮ ಮಗ ಬಿಟ್ರ ಗದಗ ಬೆಟಗೇರಿ ಎಲ್ಲಾ ಹುಡುಕಿದ್ರೂ ಇನ್ನೊಬ್ಬ ರಾಜ ಸಿಗೂದಿಲ್ಲ.”

ರಾಜ ಎಂಬ ಮಾತಿಗೆ ಆಯಿ ಸೋತಳು. ಸೋತದ್ದನ್ನು ತೋರಿಸಿಕೊಳ್ಳಲಿಲ್ಲ, ಅಷ್ಟೇ.

“ಆಟ ಮುಗಿಯೂತನಕ ಹೋಗ್ಲಿ. ರಾಜನ ಕತಿ ಮುಗೀತು ಅಂದ್ರ ಈಕಿ ಸಾಲೀನೂ ಮುಗೀತು. ಮತ್ತ ನನ್ನ ಮುಂದ ಅಳಬಾರದು.”

ಹೀಗೆ ನನ್ನ ಶಾಲೆ ಒಬ್ಬ ರೋಮಿನ ರಾಜನ ಆಯುಷ್ಯಕ್ಕೆ ಗಂಟು ಬಿತ್ತು. ಅವನು ಬದುಕಿರುವ ತನಕ ನನಗೆ ಪಾಟಿ, ಪುಸ್ತಕ, ಮಾಸ್ತರರ ಹಾಳೆ. ಅವನು ಸತ್ತ ದಿನ ನನಗೆ ರಾಟಿ.

ಸಂಜೆ ಶಾಲೆ ಬಿಟ್ಟ ಮೇಲೆ ಹಾಳೆ ಹಿಡಿದು ಓಡಿ ಬಂದು ಅಪ್ಪನ ಮಗ್ಗದ ಪಕ್ಕ ನೆಲದ ಮೇಲೆ ಕೂಡುತ್ತಿದ್ದೆ. ಒಂದು ಕೈಯಲ್ಲಿ ರಾಟಿ, ತೊಡೆಯ ಮೇಲೆ ಹಾಳೆ. ದೀಪಾವಳಿ ಹತ್ತಿರ ಬಂದು ಸೀರೆಗಳ ಅವಸರ ಇದ್ದುದರಿಂದ ಅಪ್ಪನಿಗೆ ಮಗ್ಗ ಬಿಟ್ಟು ಏಳುವುದು ಆಗದ ಮಾತು. ನಾನು ಒಂದೊಂದೇ ತುಂಡು ಮಾತು ಓದುತ್ತಿದ್ದೆ, ಅವನು ಲಾಳಿ ಒಗೆದು ಅದನ್ನು ಹೇಳುತ್ತಿದ್ದ. ಮೊದಲ ಹಾಳೆಯ ಮೊದಲ ಮಾತು ಇವತ್ತಿಗೂ ನನ್ನ ನಾಲಿಗೆಯ ಮೇಲಿದೆ. ‘ಏಳು ಗುಡ್ಡಗಳ ಪಟ್ಟಣವೇ’ ಖಟ್ ಧಪ್, ‘ನಿನ್ನ ಮಗ ಬಂದಿದ್ದೇನೆ’ ಖಟ್ ಧಪ್, ‘ನಿನ್ನ ಬಾಗಿಲು ತೆರೆ’ ಖಟ್ ಧಪ್. ಅಪ್ಪ ಅಲ್ಲಿಗೆ ನಿಲ್ಲಿಸಿ ಕೇಳಿದ.

“ಏಳು ಗುಡ್ಡನಾ? ನಮ್ಮ ಕಪ್ಪತಗುಡ್ಡ ಒಂದ ಇಷ್ಟ ದೊಡ್ಡದೈತಿ. ಅಂಥಾವು ಏಳು ಇದ್ರ ಆ ಊರು ಎಷ್ಟಿರಬೇಕು, ಪಾರವ್ವ?”

ಇಬ್ಬರೂ ಸ್ವಲ್ಪ ಹೊತ್ತು ಬಾಯಿ ತೆರೆದುಕೊಂಡು ಆ ಊರನ್ನು ಕಲ್ಪಿಸಿಕೊಂಡೆವು. ಅಪ್ಪ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಲ್ಲಿಯ ತನಕ ಅವನಿಗೆ ಇಷ್ಟು ದೊಡ್ಡ ದನಿ ಇದೆ ಎಂಬುದೇ ನನಗೆ ತಿಳಿದಿರಲಿಲ್ಲ. ದಿನ ಕಳೆದಂತೆ ಆ ದನಿ ಕುಣಿಯ ಆಳದಿಂದ ಎದ್ದು ಜಂತಿಗೆ ಮುಟ್ಟತೊಡಗಿತು. ಒಲೆಯ ಮುಂದಿನ ಅವ್ವನ ಕೈಯಲ್ಲಿ ರೊಟ್ಟಿ ಹಾಗೇ ನಿಲ್ಲುತ್ತಿತ್ತು. ಕಟ್ಟೆಯ ಮೇಲೆ ಕೂತ ಓಣಿಯ ಮಂದಿ ಮಾತು ಬಿಟ್ಟು ಕೇಳುತ್ತಿದ್ದರು. ನಾನು ಎತ್ತರಕ್ಕೆ ನೋಡುವ ಹಾಗೆ ಕೆಳಗೆ ಕುಣಿಯ ಕಡೆ ನೋಡುತ್ತಿದ್ದೆ.

ಮಾಸ್ತರರ ಕಥೆ ದೊಡ್ಡದಲ್ಲ. ಒಬ್ಬ ಸಿಪಾಯಿಯ ಮಗ, ಗೆದ್ದು ಗೆದ್ದು, ಹೊಳೆ ದಾಟಿ ರೋಮಿಗೆ ಬಂದು ಚಕ್ರವರ್ತಿಯಾಗುತ್ತಾನೆ. ಜನ ಅವನನ್ನು ಹೊತ್ತು ಮೆರೆಸುತ್ತಾರೆ. ಆಮೇಲೆ ಸೊಕ್ಕು ಬಂದು ಯಾರ ಮಾತೂ ಕೇಳದಾಗುತ್ತಾನೆ. ಕೊನೆಗೆ ಅವನ ಪ್ರಾಣಸ್ನೇಹಿತನಾದ ದಂಡನಾಯಕನೇ ಕಿರೀಟ ಕಿತ್ತುಕೊಂಡು ಅವನನ್ನು ಇರಿಯುತ್ತಾನೆ. ದಂಡನಾಯಕ ನಮ್ಮ ಕಾಕಾ. ಉಳಿದ ಪಾರ್ಟಿನವರೂ ಓಣಿಯ ನೇಕಾರರೇ. ಅಪ್ಪ ಏಳಲಾರದ್ದರಿಂದ ತಾಲೀಮಿಗೆ ಅವರೇ ನಮ್ಮ ಮನೆಗೆ ಬರುತ್ತಿದ್ದರು. ಮಂತ್ರಿ, ಸಿಪಾಯಿಗಳು, ದೂತರು ಎಲ್ಲ ಕುಣಿಯ ಸುತ್ತ ನಿಂತು ಬಗ್ಗಿ ಕೈ ಮುಗಿಯುವರು. ಚಕ್ರವರ್ತಿ ಅವರ ಮೊಣಕಾಲಿನ ಮಟ್ಟದಲ್ಲಿ ಕೂತು, ಸೀರೆಯ ದಡಿ ನೇಯುತ್ತ, ಮುಖ ಎತ್ತದೆ ಅಪ್ಪಣೆ ಕೊಡುವನು. ಯಾರೂ ನಗುತ್ತಿರಲಿಲ್ಲ. ಅಂಥ ದನಿಯ ಮುಂದೆ ನಗುವುದು ಹೇಗೆ?

ಆಯಿ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತ, ತನಗೇನೂ ಸಂಬಂಧವಿಲ್ಲದವಳ ಹಾಗೆ ಕೂತಿರುತ್ತಿದ್ದಳು. ಆದರೆ ಒಂದು ದಿನ ನಾನು ಶಾಲೆಯಿಂದ ಬರುವುದು ತಡವಾಯಿತು. ಬಾಗಿಲಲ್ಲೇ ಕೇಳಿದಳು.

“ನಿನ್ನ ದೊರಿ ಇವತ್ತು ಎಲ್ಲಿಗೆ ಬಂದ? ಆ ಹೊಳಿ ದಾಟಿದ್ನಾ ಇಲ್ಲಾ?”

“ದಾಟಿದ ಆಯಿ. ದಾಟಿ ಪಟ್ಟಕ್ಕ ಏರಿದ.”

“ಮತ್ತ, ದಾಟಲಾರದ ಏನ್ ಮಾಡ್ತಾನ,” ಎಂದು ಬತ್ತಿ ಹೊಸೆಯತೊಡಗಿದಳು. ಅವಳ ಮುಖ ಅರಳಿದ್ದು ನನಗೆ ಕಾಣಿಸಿತು.

ಪಟ್ಟಾಭಿಷೇಕಕ್ಕೆ ಬಟ್ಟೆ ಬೇಕೆಂದಾಗ ಆಯಿಯೇ ಬಣ್ಣ ಹೇಳಿದಳು, ಕಿರಮಂಜಿ. ಮಾಸ್ತರರು ಪುಸ್ತಕದೊಳಗಿನ ಚಿತ್ರ ತಂದು ತೋರಿಸಿದರು. ಅಪ್ಪ, ಕಾಕಾ ಇಬ್ಬರೂ ಬಗ್ಗಿ ಬಗ್ಗಿ ನೋಡಿ, ಇದು ನಮ್ಮದೇ ಒಂಬತ್ತು ಗಜದ ಸೀರೆ, ಉಡುವ ರೀತಿ ಬೇರೆ ಅಷ್ಟೇ ಎಂದು ತೀರ್ಮಾನಿಸಿದರು. ನೇಯ್ದದ್ದು ಹಾಗೆಯೇ. ದಡಿ ಹಾಕಿ, ಸೆರಗಿಗೆ ಬಿಳಿಯ ಗೋಪುರದ ಸಾಲು ಇಟ್ಟು, ಲಕ್ಷಣವಾಗಿ. ರೋಮಿನ ಚಕ್ರವರ್ತಿ ಬೆಟಗೇರಿಯ ಸೆರಗನ್ನು ಎಡ ಹೆಗಲ ಮೇಲೆ ಹೊದ್ದ.

ಹಾಳೆಗಳು ಕೂಡುತ್ತ ಹೋದವು. ನನಗೆ ಭಯ ಹತ್ತಿತು. ಕಥೆ ಇಳಿಯತೊಡಗಿದ್ದು ನನಗೂ ತಿಳಿಯುತ್ತಿತ್ತು. ಹಳೆಯ ಹಾಳೆಗಳನ್ನೇ ಮತ್ತೆ ಮತ್ತೆ ಓದಿಸಿದೆ, ಅಪ್ಪನಿಗೆ ಇನ್ನೂ ಪಕ್ಕಾ ಆಗಿಲ್ಲ ಎಂದು ಮಾಸ್ತರರಿಗೆ ಸುಳ್ಳು ಹೇಳಿದೆ. ಮನೆಯಲ್ಲಿ ಕೊನೆಗೆ ಬಂದ ಕೂಡಲೇ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಅಪ್ಪನೂ ನೇಯುತ್ತ ನೇಯುತ್ತ ಹಾಗೇ ಮೊದಲಿನ ಮಾತಿಗೆ ತಿರುಗಿ ಬರುತ್ತಿದ್ದ. ಒಂದು ದಿನ ತಡೆಯಲಾರದೆ ಮಾಸ್ತರರನ್ನೇ ಕೇಳಿದೆ.

“ಸರ್, ಅಂವನ್ನ ಸಾಯಿಸಬ್ಯಾಡ್ರಿ.”

“ಯಾಕವ್ವ?”

“ಅಂವ ಸತ್ರ ನನ್ನ ಸಾಲಿ ಬಿಡಸ್ತಾರ.”

ಮಾಸ್ತರರು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು.

“ರೋಮಿನಾಗ ಅಂವ ಎಂದೋ ಸತ್ತಾನ ಪಾರವ್ವ. ಅದನ್ನ ತಿದ್ದಾಕ ನನ್ನ ಕೈಲೆ ಆಗೂದಿಲ್ಲ. ಮೆಲ್ಲಕ ಬರಿತೀನಿ. ಅಷ್ಟ ಮಾಡಬಹುದು.”

ಮಾತಿನಂತೆ ಮೆಲ್ಲಗೆ ಬರೆದರು. ಆದರೂ ದಿನ ಬಂದೇ ಬಂತು.

ಬಯಲಿನಲ್ಲಿ ನಾಲ್ಕು ಚಕ್ಕಡಿ ಜೋಡಿಸಿ ಮೇಲೆ ಹಲಗೆ ಹಾಸಿದ್ದರು. ರಾತ್ರಿ ಆಡುವುದೆಂದು ಮೊದಲು ಮಾತಾಗಿತ್ತು. ಗ್ಯಾಸಿನ ಬತ್ತಿಗಳನ್ನು ಮುಂಡರಗಿಯ ಕಡೆಯವರು ತಮ್ಮ ಸಂಭ್ರಮಕ್ಕೆ ಮೊದಲೇ ಹೇಳಿಟ್ಟು ಒಯ್ದಿದ್ದರು. ಬೆಳಕಿಲ್ಲ ಎಂದ ಮೇಲೆ ಮಾಸ್ತರರು, ಸೂರ್ಯನ ಬೆಳಕೇ ಸಾಕು, ಮಧ್ಯಾಹ್ನದ ಊಟವಾದ ಮೇಲೆ ಶುರು ಮಾಡೋಣ ಎಂದರು. ಹುಲಕೋಟಿಯಿಂದ, ಗದಗಿನಿಂದ ಜನ ಚಕ್ಕಡಿ ಕಟ್ಟಿಕೊಂಡು ಬಂದರು. ಮುಂದಿನ ಸಾಲಿನಲ್ಲಿ ಆಯಿ ಚಾಪೆ ಹಾಸಿಕೊಂಡು ಕೂತಳು. ಹೊಸ ಸೀರೆ ಉಟ್ಟಿದ್ದಳು. ನಾನು ಪರದೆಯ ಪಕ್ಕ, ಹಾಳೆಗಳ ಕಟ್ಟು ಹಿಡಿದು ನಿಂತಿದ್ದೆ. ಅಪ್ಪ ಮರೆತರೆ ಮಾತು ಎತ್ತಿಕೊಡುವುದು ನನ್ನ ಕೆಲಸ. ಮರೆಯುವ ಮಾತೇ ಇರಲಿಲ್ಲ. ಅಷ್ಟೂ ಹಾಳೆ ಅವನಿಗೆ ನೀರು ಕುಡಿದ ಹಾಗಾಗಿತ್ತು.

ತುತ್ತೂರಿ ಊದಿದರು. ಪರದೆ ಸರಿಯಿತು. ಪಟ್ಟ ಏರುವುದು ಆಮೇಲಾದರೂ ಮೊದಲ ನೋಟಕ್ಕೇ ಚಕ್ರವರ್ತಿ ಕಾಣಲಿ ಎಂದು ಮಾಸ್ತರರು ಹೇಳಿದ್ದರು. ಅಪ್ಪ ಕಿರಮಂಜಿ ಹೊದ್ದು, ಬೇಗಡೆಯ ಕಿರೀಟ ಇಟ್ಟು, ಬಿಸಿಲಿನಲ್ಲಿ ನಡೆದು ಬಂದು ಸಿಂಹಾಸನದ ಮೇಲೆ ಕೂತ. ಅದು ಹೆಡ್‌ಮಾಸ್ತರರ ಕುರ್ಚಿ ಎಂದು ಯಾರಿಗೂ ನೆನಪಾಗಲಿಲ್ಲ. ಇಡೀ ಬಯಲು ಉಸಿರು ಹಿಡಿಯಿತು. ನನಗೆ ಅವನ ಕಾಲಿಗೆ ಬೀಳಬೇಕು ಅನಿಸಿತು. ಇವನು ನಿನ್ನೆ ಅವ್ವನ ಕೈಯ ರೊಟ್ಟಿ ತಿಂದವನಲ್ಲ, ಆ ಏಳು ಗುಡ್ಡಗಳ ಊರಿನಿಂದ ನೇರವಾಗಿ ಇಳಿದು ಬಂದವನು ಅನಿಸಿತು.

ಚಕ್ರವರ್ತಿ ಬಾಯಿ ತೆರೆದ. ಮಾತು ಬರಲಿಲ್ಲ.

ನಾನು ಮೆಲ್ಲಗೆ ಎತ್ತಿಕೊಟ್ಟೆ, ‘ಏಳು ಗುಡ್ಡಗಳ ಪಟ್ಟಣವೇ’. ಅವನಿಗೆ ಕೇಳಿಸಿತು, ಕಣ್ಣು ಈ ಕಡೆ ಹೊರಳಿತು. ತುಟಿ ಅಲುಗಿತು. ಮತ್ತೆ ಹೇಳಿದೆ, ಜೋರಾಗಿ ಹೇಳಿದೆ. ಮಾಸ್ತರರು ಆ ಬದಿಯಿಂದ ಹೇಳಿದರು. ಕಾಕಾ ಕೆಮ್ಮಿದ. ಅಪ್ಪನ ಹಣೆಯಿಂದ ಬೆವರು ಇಳಿದು ಗಡ್ಡಕ್ಕೆ ಹಚ್ಚಿದ ಅಂಟು ಬಿಡತೊಡಗಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಚಾಪೆಯ ಮೇಲೆ ಆಯಿ ಕಲ್ಲಿನ ಹಾಗೆ ಕೂತಿದ್ದಳು. ಏನಾಗಿದೆ ಎಂದು ನನಗೆ ಹೊಳೆಯಲಿಲ್ಲ. ನಿನ್ನೆ ಸಂಜೆಯ ತನಕ ಒಂದಕ್ಷರ ತಪ್ಪಿರಲಿಲ್ಲ. ಆಗ ಸೆರಗಿನ ಕೆಳಗೆ ಅವನ ಪಾದ ಕಂಡವು. ಎರಡೂ ಪಾದದ ಬೆರಳುಗಳು ಹಲಗೆಯನ್ನು ಒತ್ತುತ್ತಿದ್ದವು, ಬಿಡುತ್ತಿದ್ದವು, ಕತ್ತಲಲ್ಲಿ ಮೆಟ್ಟಿಲು ಹುಡುಕಿದ ಹಾಗೆ. ಅವು ತುಳಿಮಣೆ ಹುಡುಕುತ್ತಿದ್ದವು. ಅಪ್ಪ ಒಂದು ಮಾತನ್ನೂ ಮಗ್ಗದ ಹೊರಗೆ ಕೂತು ಹೇಳಿರಲಿಲ್ಲ. ಅವನ ಮಾತು ಇದ್ದದ್ದು ಕಾಲಿನಲ್ಲಿ.

ಪಕ್ಕದಲ್ಲಿ ದಂಡನಾಯಕನ ಕಟ್ಟಿಗೆಯ ಕತ್ತಿ ಬಿದ್ದಿತ್ತು. ಅದರ ಹಿಡಿಯಿಂದ ಚಕ್ಕಡಿಯ ಗಾಲಿಗೆ ಒಂದು ಹೊಡೆದೆ, ಖಟ್. ಅಂಗೈಯಿಂದ ಹಲಗೆಗೆ ಹೊಡೆದೆ, ಧಪ್. ಅಪ್ಪನ ಮಗ್ಗದ ನಿಧಾನ ನನಗೆ ಹುಟ್ಟಿದಾಗಿನಿಂದ ಗೊತ್ತು. ಖಟ್ ಧಪ್. ಖಟ್ ಧಪ್. ಸೆರಗಿನ ಕೆಳಗೆ ಬಲಗಾಲು ಕೆಳಗೆ ಹೋಯಿತು. ಎಡಗಾಲು ಮೇಲೆ ಬಂತು.

‘ಏಳು ಗುಡ್ಡಗಳ ಪಟ್ಟಣವೇ,’ ಅಂದ ಅಪ್ಪ. ‘ನಿನ್ನ ಮಗ ಬಂದಿದ್ದೇನೆ. ನಿನ್ನ ಬಾಗಿಲು ತೆರೆ.’

ಆಮೇಲಿನದನ್ನು ಹೇಗೆ ಹೇಳಲಿ. ಮನೆಯ ಜಂತಿ ಮುಟ್ಟುತ್ತಿದ್ದ ದನಿಗೆ ಈಗ ಜಂತಿ ಇರಲಿಲ್ಲ. ಅದು ಬಯಲಿನಾಚೆಯ ಬೇವಿನ ಗಿಡದ ತನಕ ಹೋಗಿ ತಿರುಗಿ ಬರುತ್ತಿತ್ತು. ಅವನು ಹೊಳೆ ದಾಟಿದ, ಊರುಗಳನ್ನು ಗೆದ್ದ, ಬಿಸಿಲು ಇನ್ನೂ ಚುರುಕಾಗಿದ್ದಾಗ ಪಟ್ಟ ಏರಿದ. ಖಟ್ ಧಪ್ ಎನ್ನುವುದು ಅವನ ಸೈನ್ಯದ ಹೆಜ್ಜೆ ಎಂದು ಜನ ತಿಳಿದರು. ನನ್ನ ಅಂಗೈ ಕೆಂಪಾಗಿ ಉರಿಯತೊಡಗಿತು, ನಿಲ್ಲಿಸಲಿಲ್ಲ. ಬಿಸಿಲು ಇಳಿಯಿತು, ಅವನೂ ಇಳಿಯತೊಡಗಿದ. ಸೊಕ್ಕಿನ ಮಾತು ಆಡಿದ, ಸ್ನೇಹಿತರನ್ನು ದೂರ ಅಟ್ಟಿದ. ಕೆಂಪು ಬೆಳಕು ಅವನ ಮುಖದ ಮೇಲೆ ಅಡ್ಡ ಬಿದ್ದ ಹೊತ್ತಿಗೆ ಕಾಕಾ ಬಂದು ಅವನ ತಲೆಯ ಕಿರೀಟಕ್ಕೆ ಕೈ ಹಾಕಿದ. ಚಾಪೆಯಿಂದ ಆಯಿ ಧಡಕ್ಕನೆ ಎದ್ದು ನಿಂತಳು.

“ಏ ಈರ್‍ಯಾ, ಅಂವ ನಿನಗ ಅಣ್ಣ ಅಲ್ಲೇನೋ?”

ಯಾರೂ ನಗಲಿಲ್ಲ. ಕಾಕಾ ಕಿರೀಟದಿಂದ ಕೈ ಹಿಂದೆ ಎಳೆದುಕೊಂಡ. ಅಪ್ಪ ಅವಳ ಕಡೆ ನೋಡಿದ, ತಾನೇ ಕಿರೀಟ ತೆಗೆದು ಕಾಕಾನ ಕೈಗೆ ಕೊಟ್ಟ. ಹಾಳೆಯಲ್ಲಿ ಹಾಗಿರಲಿಲ್ಲ. ಮಾತು ಮಾತ್ರ ಹಾಳೆಯದೇ. ‘ಕಿರೀಟ ಹಗುರಾಗಿತ್ತು, ನನ್ನ ತಲೆಯೇ ಭಾರವಾಗಿತ್ತು. ತೆಗೆದುಕೊಳ್ಳಿರಿ.’ ಕತ್ತಿ ನನ್ನ ಕೈಯಲ್ಲಿದ್ದುದರಿಂದ ಕಾಕಾ ಬರಿಗೈಯಲ್ಲೇ ಇರಿದ. ಚಕ್ರವರ್ತಿ ಬಿದ್ದ. ಆಯಿ ನಿಂತೇ ಇದ್ದಳು.

ಕೊನೆಯ ಹಾಳೆಯ ಕೊನೆಯ ಸಾಲು ಮುಗಿದಿತ್ತು. ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ಅವನು ಸತ್ತ, ನನ್ನ ಶಾಲೆ ಸತ್ತಿತು. ನನ್ನ ಕೈ ನಿಲ್ಲಲಿಲ್ಲ. ಖಟ್ ಧಪ್. ಖಟ್ ಧಪ್. ಸತ್ತ ಚಕ್ರವರ್ತಿಯ ಬಲಗಾಲು ಅಲುಗಿತು. ಎಡಗಾಲು ಅಲುಗಿತು. ದಿನಾ ಮಗ್ಗದಲ್ಲಿ ಆಗುತ್ತಿದ್ದ ಹಾಗೆಯೇ, ಕೊನೆಯಿಂದ ಮೊದಲಿಗೆ ತಿರುಗಿ, ಅಪ್ಪ ಮಲಗಿದಲ್ಲಿಂದಲೇ ಕಣ್ಣು ಮುಚ್ಚಿ ಹೇಳತೊಡಗಿದ. ‘ಏಳು ಗುಡ್ಡಗಳ ಪಟ್ಟಣವೇ, ನಿನ್ನ ಮಗ ಬಂದಿದ್ದೇನೆ.’ ಹೆಣ ಮಾತಾಡಿತು. ಹೆಂಗಸರು ಎದೆಗೆ ಕೈ ಇಟ್ಟುಕೊಂಡರು. ಬಯಲಿನಲ್ಲಿ ಕೂತವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು. ಅವರಿಗೆ ಅದು ತಪ್ಪು ಅನಿಸಲಿಲ್ಲ. ನನಗೂ ಅನಿಸಲಿಲ್ಲ. ಮಾಸ್ತರರು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ಸಿಟ್ಟಾಗಿರಲಿಲ್ಲ, ಅವರ ಕಣ್ಣು ತುಂಬಿದ್ದವು.

“ಸಾಕವ್ವ. ಬಿಡು ಅಂವನ್ನ.”

ನಾನೇ ನಿಲ್ಲಿಸಿದೆ. ಕೈ ಎತ್ತಿ ಹಿಡಿದು, ಮತ್ತೆ ಹೊಡೆಯದೆ ಬಿಟ್ಟೆ. ‘ನಿನ್ನ ಬಾಗಿಲು’ ಎಂಬಲ್ಲಿಗೆ ಅಪ್ಪನ ಮಾತು ನಿಂತಿತು. ಕಾಲು ನಿಂತವು. ಸೂರ್ಯ ಮುಳುಗಿದ್ದ.

ಮನೆಗೆ ಬಂದ ಮೇಲೆ ಆಯಿ ಎರಡು ತುತ್ತು ಉಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವಳ ರಾಜ ಬಿದ್ದದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಅಪ್ಪ ಗಡ್ಡದ ಅಂಟು ತೊಳೆದುಕೊಂಡು ಬಂದು ನನ್ನ ಅಂಗೈ ಬಿಡಿಸಿ ನೋಡಿದ, ಬೊಬ್ಬೆಗೆ ಕೊಬ್ಬರಿ ಎಣ್ಣೆ ಹಚ್ಚಿದ. ಏನೋ ಹೇಳಬೇಕೆಂದು ಬಾಯಿ ತೆರೆದ. ಮಗ್ಗದಿಂದ ದೂರ ಕೂತಿದ್ದನಲ್ಲ, ಬರಲಿಲ್ಲ.

ಬೆಳಗಾಯಿತು. ಪಾಟಿ ಚೀಲ ಗೂಟಕ್ಕೆ ತೂಗುಹಾಕಿದೆ. ಒಪ್ಪಿಕೊಂಡ ಮಾತು ಮಾತೇ, ಅಳಬಾರದು ಎಂದು ಹಲ್ಲು ಕಚ್ಚಿ, ಬೊಬ್ಬೆಯ ಕೈಯಲ್ಲೇ ರಾಟಿಯ ಮುಂದೆ ಕೂತೆ. ಅಪ್ಪ ಕುಣಿಗೆ ಇಳಿದು ಮಗ್ಗ ಶುರು ಮಾಡಿದ. ಆಯಿ ಬಂದು ಕಂಬಕ್ಕೆ ಒರಗಲಿಲ್ಲ. ನನ್ನ ಮುಂದೆ ನಿಂತಳು.

“ನಿನ್ನಿ ಆ ಸಪ್ಪಳ ಮಾಡಿದಾಕಿ ನೀನ ಹೌದಲ್ಲೋ?”

ಅವಳಿಗೆ ತಿಳಿಯದಿರುತ್ತದೆಯೇ. ಅಷ್ಟು ಜನರಲ್ಲಿ ಅದು ಸೈನ್ಯದ ಹೆಜ್ಜೆಯಲ್ಲ, ತನ್ನ ಮನೆಯ ಎಡದ ಮಗ್ಗ ಎಂದು ಗೊತ್ತಿದ್ದದ್ದು ಅವಳೊಬ್ಬಳಿಗೇ.

“ಹೌದು ಆಯಿ.”

“ಸತ್ತಾಂವ ಎದ್ದು ಮಾತಾಡಾಕತ್ತಿದ್ದ. ಯಾಕ ನಿಂದ್ರಿಸಿದಿ?”

“ಹಾಳಿ ಮುಗದಿತ್ತು.”

ಆಯಿ ಗೂಟದ ಮೇಲಿನ ಚೀಲ ನೋಡಿದಳು.

“ಕಂಡಿಕಿ ಮುಗದ್ರ ನಮ್ಮ ಮನ್ಯಾಗ ಮಗ್ಗ ನಿಂದ್ರಸ್ತಾರೇನು? ಇನ್ನೊಂದು ಹಾಕ್ತಾರ. ಏಳು. ಸಾಲಿಗೆ ಹೋಗಿ ಬ್ಯಾರೇದು ತಗೊಂಡು ಬಾ.”

ನಾನು ಏಳಲಿಲ್ಲ. ಕೇಳಿದ್ದು ಖರೆಯೋ ಸುಳ್ಳೋ ತಿಳಿಯದೆ ಅಪ್ಪನ ಕಡೆ ನೋಡಿದೆ. ಅಪ್ಪನ ಕಾಲು ತುಳಿಮಣೆಯ ಮೇಲೆ ಆಡುತ್ತಿದ್ದವು, ಹಾಗಾಗಿ ಮಾತು ಬಂತು.

“ಎದ್ದು ಹೋಗು, ಪಾರವ್ವ. ಜಲ್ದಿ ಹೋಗು,” ಅಂದ. ಚಕ್ರವರ್ತಿಯ ದನಿಯೇ ಅದು.

ಚೀಲ ಇಳಿಸಿಕೊಂಡು ಹೊಸ್ತಿಲು ದಾಟುವಾಗ ಹಿಂದೆ ತಿರುಗಿ ನೋಡಿದೆ. ಕಂಬದ ಬುಡ ಖಾಲಿಯಿತ್ತು. ಆಯಿ ಮೊಣಕಾಲ ಮೇಲೆ ಕೈ ಊರಿ, ನಾನು ಎದ್ದ ಜಾಗದಲ್ಲಿ, ರಾಟಿಯ ಮುಂದೆ ಕೂಡುತ್ತಿದ್ದಳು.